ಇನ್‌ಡಿಸೈನ್‌ನಲ್ಲಿ ಸ್ಕ್ರಿಪ್ಟ್‌ನಿಂದ ಎಕ್ಸ್‌ಎಂಎಲ್ ಎಲಿಮೆಂಟ್‌ಗಳ ಕ್ರಮ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಡಿಟಿಪಿ ಮಾಡುವವರು, ಪ್ರಕಾಶಕರ ಆಫೀಸಿನಲ್ಲಿ ಪುಟ ಕಟ್ಟುವವರು, ಸಂಘಗಳ ಸದಸ್ಯರ ಪಟ್ಟಿ ಮತ್ತು ಸ್ಮರಣ ಸಂಚಿಕೆ ತರುವವರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಎಲ್ಲ ಉತ್ತರಗಳೂ ಪುಟ ವಿನ್ಯಾಸದ ತಂತ್ರಾಂಶವಾದ ಅಡೋಬಿ ಇನ್‌ಡಿಸೈನ್‌ಗೆ ಸಂಬಂಧಿಸಿದವು. ಎಕ್ಸ್‌ಎಂಎಲ್ ಎಂದರೆ ಪಠ್ಯದ ತುಂಡುಗಳಿಗೆ ಟ್ಯಾಗ್ ಎಂಬ ಹೆಸರಿನ ಗುರುತು ಹಚ್ಚಿಡುವ ಪದ್ಧತಿ, ಹಾಗೆ ಟ್ಯಾಗ್ ಹಚ್ಚಿದ ತುಂಡೇ ಎಲಿಮೆಂಟ್. ಸ್ಕ್ರಿಪ್ಟ್ ಎಂದರೆ ಇನ್‌ಡಿಸೈನ್‌ನಿಂದ ಕೆಲಸ ಮಾಡಿಸುವ ಚಿಕ್ಕ ಪ್ರೋಗ್ರಾಂ. ಕಮಾಂಡ್‌ಗಳ ಹೆಸರನ್ನು ನಾವು ಬಾಯಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ.

## ಶುರು ಮಾಡುವವರಿಗೆ

ಎಕ್ಸ್‌ಎಂಎಲ್ ಎಲಿಮೆಂಟ್ ಅಂದ್ರೆ ಪುಟದಲ್ಲಿ ಕಾಣೋ ಫ್ರೇಮೇ ತಾನೇ?

ಅಲ್ಲ. ಇದೊಂದು ಸ್ಪಷ್ಟವಾದರೆ ಅರ್ಧ ಗೊಂದಲ ಕಳೆಯಿತು. ಇನ್‌ಡಿಸೈನ್‌ನಲ್ಲಿ ಮೂರು ಪದರಗಳಿವೆ. ಮೊದಲನೆಯದು ಸ್ಟ್ರಕ್ಚರ್. ಯಾವ ಎಲಿಮೆಂಟ್ ಒಳಗೆ ಯಾವುದಿದೆ, ಯಾವುದು ಮೊದಲು, ಯಾವುದು ಆಮೇಲೆ ಎಂಬ ಮರ ಅದು. ಎರಡನೆಯದು ಸ್ಟೋರಿ. ಒಂದಕ್ಕೊಂದು ಜೋಡಿಸಿದ ಫ್ರೇಮ್‌ಗಳಲ್ಲಿ ಹರಿಯುವ ಪಠ್ಯಕ್ಕೆ ಆ ಹೆಸರು. ಮೂರನೆಯದು ಫ್ರೇಮ್. ಅದು ಪುಟದ ಮೇಲೆ ಪಠ್ಯ ಎಲ್ಲಿ ಕೂರಬೇಕು ಎಂಬುದನ್ನು ಮಾತ್ರ ಹೇಳುತ್ತದೆ.

ಒಂದು ಎಲಿಮೆಂಟ್ ಸ್ಟ್ರಕ್ಚರ್‌ನಲ್ಲಿದ್ದೂ ಪುಟದಲ್ಲಿ ಎಲ್ಲೂ ಇಲ್ಲದಿರಬಹುದು. ಒಂದೇ ಫ್ರೇಮ್‌ನಲ್ಲಿ ನೂರಾರು ಎಲಿಮೆಂಟ್‌ಗಳೂ ಇರಬಹುದು. ಸ್ಕ್ರಿಪ್ಟ್ ಬದಲಿಸುವುದು ಸ್ಟ್ರಕ್ಚರನ್ನು. ಪುಟದಲ್ಲಿ ಅದರ ಪರಿಣಾಮ ಕಾಣುತ್ತದೋ ಇಲ್ಲವೋ ಎನ್ನುವುದು ಆ ಎಲಿಮೆಂಟ್ ಯಾವ ಸ್ಟೋರಿಯಲ್ಲಿದೆ ಎಂಬುದರ ಮೇಲೆ ನಿಂತಿದೆ.

ಸ್ಟ್ರಕ್ಚರ್ ಪೇನ್‌ನಲ್ಲಿ ಮೌಸ್‌ನಿಂದ ಎಳೆದು ಹಾಕಿದ್ರೆ ಆಗಲ್ವಾ? ಸ್ಕ್ರಿಪ್ಟ್ ಯಾಕೆ ಬೇಕು?

ಹತ್ತು ಹದಿನೈದು ಎಲಿಮೆಂಟ್ ಇದ್ದರೆ ಧಾರಾಳವಾಗಿ ಎಳೆದು ಹಾಕಿ. ವ್ಯೂ ಮೆನುವಿನ ಸ್ಟ್ರಕ್ಚರ್‌ನಲ್ಲಿ ಶೋ ಸ್ಟ್ರಕ್ಚರ್ ಒತ್ತಿದರೆ ಎಡಗಡೆ ಪೇನ್ ತೆರೆಯುತ್ತದೆ. ಆದರೆ ಬಡಾವಣೆಯ ನಿವಾಸಿಗಳ ಡೈರೆಕ್ಟರಿ ಇದೆ, ಸಾವಿರ ಹೆಸರಿದೆ, ಪಿನ್‌ಕೋಡ್ ಪ್ರಕಾರ ಇದ್ದದ್ದು ಅಕಾರಾದಿಗೆ ಬರಬೇಕು ಎಂದರೆ ಕೈಯಲ್ಲಿ ಆಗದ ಕೆಲಸ. ಮಾಡಿದರೂ ಪ್ರಿಂಟಿಗೆ ಕೊಡುವ ಹಿಂದಿನ ದಿನ ಇನ್ನೂ ಹತ್ತು ಹೆಸರು ಬಂದೇ ಬರುತ್ತದೆ. ಸ್ಕ್ರಿಪ್ಟ್‌ನ ನಿಜವಾದ ಲಾಭ ಇರುವುದು ಅಲ್ಲಿ. ಅದನ್ನು ಮತ್ತೆ ಓಡಿಸಿದರೆ ಸಾಕು, ಅದೇ ನಿಯಮದಲ್ಲಿ ಎಲ್ಲ ಮತ್ತೆ ಜೋಡಣೆಯಾಗುತ್ತದೆ.

ಪ್ರೋಗ್ರಾಮಿಂಗ್ ಕಲಿತಿಲ್ಲ ಸಾರ್. ನನ್ನ ಕೈಲಿ ಆಗುತ್ತಾ? ಸ್ಕ್ರಿಪ್ಟ್ ಎಲ್ಲಿ ಇಡಬೇಕು?

ಆಗುತ್ತದೆ. ಬರೆದಿರುವ ಸ್ಕ್ರಿಪ್ಟ್ ಓಡಿಸಲು ಪ್ರೋಗ್ರಾಮಿಂಗ್ ಬೇಡ. ವಿಂಡೋ ಮೆನುವಿನ ಯುಟಿಲಿಟೀಸ್‌ನಲ್ಲಿ ಸ್ಕ್ರಿಪ್ಟ್ಸ್ ಪ್ಯಾನೆಲ್ ಇದೆ. ಅಲ್ಲಿರುವ ಯೂಸರ್ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ, ಫೋಲ್ಡರ್ ತೆರೆದು, ಜೆಎಸ್‌ಎಕ್ಸ್ ಫೈಲನ್ನು, ಅಂದರೆ ಸ್ಕ್ರಿಪ್ಟ್ ಇರುವ ಫೈಲನ್ನು, ಅದರೊಳಗೆ ಹಾಕಿ. ಪ್ಯಾನೆಲ್‌ನಲ್ಲಿ ಹೆಸರು ಕಾಣುತ್ತದೆ. ಡಬಲ್ ಕ್ಲಿಕ್ ಮಾಡಿದರೆ ಓಡುತ್ತದೆ.

ಬರೆಯಲು ಕಲಿಯಬೇಕೆಂದರೆ ಜಾವಾಸ್ಕ್ರಿಪ್ಟ್‌ನ ಮೂಲ ಸಂಗತಿಗಳು ಸಾಕು: ವೇರಿಯಬಲ್, ಲೂಪ್, ಅರೇ, ಫಂಕ್ಷನ್. ಇನ್‌ಡಿಸೈನ್‌ನ ಎಕ್ಸ್‌ಟೆಂಡ್‌ಸ್ಕ್ರಿಪ್ಟ್ ಹಳೆಯ ಕಾಲದ ಜಾವಾಸ್ಕ್ರಿಪ್ಟ್. ಜಾವಾಸ್ಕ್ರಿಪ್ಟ್‌ನ ಮಾನದಂಡವಾದ ಇಸಿಎಂಎಸ್ಕ್ರಿಪ್ಟ್‌ನ 3ನೇ ಆವೃತ್ತಿಯ ಮೇಲೆ ನಿಂತಿದೆ. ಇವತ್ತಿನ ಪಾಠಗಳಲ್ಲಿ ಕಾಣುವ ಲೆಟ್, ಆ್ಯರೋ ಫಂಕ್ಷನ್ ಇಲ್ಲಿ ನಡೆಯುವುದಿಲ್ಲ. ಅಲ್ಲಿಂದ ಕಾಪಿ ಮಾಡಿ ತಂದ ಕೋಡ್ ಮೊದಲ ಸಾಲಿನಲ್ಲೇ ಎರರ್ ಕೊಟ್ಟರೆ ಹೆದರಬೇಡಿ, ಬಹುಪಾಲು ಕಾರಣ ಇದೇ.

ಜಾಗ ಬದಲಿಸೋಕೆ ಇರೋ ಕಮಾಂಡ್ ಯಾವುದು?

ಎಲಿಮೆಂಟ್‌ನ ಮೂವ್ ಮೆಥಡ್. ಅದಕ್ಕೆ ಎರಡು ವಿಷಯ ಹೇಳಬೇಕು: ಎಲ್ಲಿಗೆ, ಯಾವುದಕ್ಕೆ ಹೋಲಿಸಿ. "ಎಲ್ಲಿಗೆ" ಎನ್ನುವುದಕ್ಕೆ ಲೊಕೇಶನ್ ಆಪ್ಷನ್ಸ್‌ನಲ್ಲಿ ನಾಲ್ಕು ಉತ್ತರಗಳು ಉಪಯೋಗಕ್ಕೆ ಬರುತ್ತವೆ: ಬಿಫೋರ್, ಆಫ್ಟರ್, ಅಟ್ ಬಿಗಿನಿಂಗ್, ಅಟ್ ಎಂಡ್. ಮೊದಲ ಎರಡಕ್ಕೆ ಪಕ್ಕದ ಎಲಿಮೆಂಟನ್ನು ತೋರಿಸಬೇಕು. ಕೊನೆಯ ಎರಡಕ್ಕೆ ಯಾವುದರ ಒಳಗೆ ಹೋಗಬೇಕೋ ಆ ತಾಯಿ ಎಲಿಮೆಂಟನ್ನು ತೋರಿಸಬೇಕು. ಇವೆರಡನ್ನು ಅದಲುಬದಲು ಮಾಡಿಕೊಂಡರೆ, ಒಬ್ಬ ಸದಸ್ಯನ ವಿವರ ಇರುವ ಎಲಿಮೆಂಟ್‌ನ ಪಕ್ಕಕ್ಕೆ ಹೋಗಬೇಕಾದದ್ದು ಅದರ ಒಳಗೇ ಹೋಗಿ ಕೂರುತ್ತದೆ.

ಡಾಕ್ಯುಮೆಂಟ್‌ನ ಬೇರು ಎಲಿಮೆಂಟ್ ಯಾವಾಗಲೂ ಒಂದೇ. ಅದರ ಮೊದಲ ಮಗು ಐಟಂ ಸೊನ್ನೆ, ಕೊನೆಯ ಮಗು ಐಟಂ ಮೈನಸ್ ಒಂದು. ಕೊನೆಯದನ್ನು ಹಿಡಿಯಲು ಲೆಕ್ಕ ಹಾಕುವ ಅಗತ್ಯವಿಲ್ಲ.

ರಿಮೂವ್ ಮಾಡಿದ್ರೆ ಪಠ್ಯವೂ ಹೋಯ್ತು! ಟ್ಯಾಗ್ ಮಾತ್ರ ತೆಗೀಬೇಕಿತ್ತು

ಟ್ಯಾಗ್ ಮಾತ್ರ ತೆಗೆಯಲು ಅನ್‌ಟ್ಯಾಗ್ ಬಳಸಿ. ರಿಮೂವ್ ಎಂದರೆ ಎಲಿಮೆಂಟನ್ನು ಒಳಗಿನ ಪಠ್ಯದ ಸಮೇತ ಅಳಿಸುವುದು. ಜಾಗ ಬದಲಿಸಲು ನಕಲು ಮಾಡಿ ಹಳೆಯದನ್ನು ಅಳಿಸುವ ದಾರಿ ಬೇಡವೇ ಬೇಡ. ಮೂವ್ ಇರುವುದೇ ಅದಕ್ಕೆ.

## ದಿನದ ಕೆಲಸದಲ್ಲಿ ಎದುರಾಗುವುದು

ಸ್ಟ್ರಕ್ಚರ್‌ನಲ್ಲಿ ಕ್ರಮ ಬದಲಾಗಿದೆ, ಪುಟದಲ್ಲಿ ಏನೂ ಆಗಿಲ್ಲ. ಸ್ಕ್ರಿಪ್ಟ್ ಕೆಲಸ ಮಾಡ್ತಿಲ್ವಾ?

ಸ್ಕ್ರಿಪ್ಟ್ ಕೆಲಸ ಮಾಡಿದೆ. ನಿಮ್ಮ ಎಲಿಮೆಂಟ್‌ಗಳು ಒಂದಕ್ಕೊಂದು ಜೋಡಿಸದ ಬೇರೆ ಬೇರೆ ಫ್ರೇಮ್‌ಗಳಲ್ಲಿ, ಅಂದರೆ ಬೇರೆ ಬೇರೆ ಸ್ಟೋರಿಗಳಲ್ಲಿ ಇವೆ. ಆಗ ಮರದಲ್ಲಿ ಜಾಗ ಬದಲಾದರೂ ಫ್ರೇಮ್ ಇದ್ದಲ್ಲೇ ಇರುತ್ತದೆ. ಕ್ಯಾಟಲಾಗ್‌ನಲ್ಲಿ ಒಂದೊಂದು ಪುಸ್ತಕಕ್ಕೆ ಒಂದೊಂದು ಡಬ್ಬಿ ಮಾಡಿಟ್ಟವರಿಗೆ ಹೀಗಾಗುತ್ತದೆ.

ಇದಕ್ಕೆ ಎರಡು ದಾರಿ. ಎಲ್ಲವನ್ನೂ ಒಂದೇ ತಾಯಿ ಎಲಿಮೆಂಟ್‌ನ ಒಳಗೆ ತಂದು, ಆ ತಾಯಿಯನ್ನು ಒಂದೇ ಸ್ಟೋರಿಗೆ ಹರಿಸುವುದು ಮೊದಲನೆಯದು. ಆಗ ಎಲಿಮೆಂಟ್ ಸರಿದಂತೆ ಪಠ್ಯವೂ ಸರಿಯುತ್ತದೆ. ಫ್ರೇಮ್‌ಗಳು ಬೇರೆಯಾಗಿಯೇ ಇರಬೇಕೆಂದರೆ, ಹೊಸ ಕ್ರಮದಲ್ಲಿ ಒಂದೊಂದು ಎಲಿಮೆಂಟನ್ನೂ ಪ್ಲೇಸ್ ಎಕ್ಸ್‌ಎಂಎಲ್ ಮೆಥಡ್‌ನಿಂದ ಮತ್ತೆ ಫ್ರೇಮಿಗೆ ಹಾಕಬೇಕು. ಡೈರೆಕ್ಟರಿ, ಬೆಲೆಪಟ್ಟಿ, ಗ್ರಂಥಸೂಚಿ ಇಂಥವಕ್ಕೆ ನಾನು ಮೊದಲ ದಾರಿಯನ್ನೇ ಹೇಳುತ್ತೇನೆ. ಡಬ್ಬಿಯ ಹಾಗೆ ಕಾಣಬೇಕು ಎನ್ನುವ ಆಸೆಗೆ ಪ್ಯಾರಾಗ್ರಾಫ್ ಸ್ಟೈಲ್‌ನ ಬಾರ್ಡರ್ ಮತ್ತು ಶೇಡಿಂಗ್ ಸಾಕು.

ಲೂಪ್ ಓಡಿಸಿದ್ರೆ ಒಂದು ಬಿಟ್ಟು ಒಂದು ಮಾತ್ರ ಜಾಗ ಬದಲಾಗ್ತಿದೆ. ಇದೇನು ವಿಚಿತ್ರ?

ನೀವು ಸೊನ್ನೆಯಿಂದ ಎಣಿಸುತ್ತಾ ಪ್ರತಿಯೊಂದನ್ನೂ ಕೊನೆಗೆ ಕಳಿಸುತ್ತಿದ್ದೀರಿ, ಅಲ್ವಾ? ಸೊನ್ನೆಯ ಜಾಗದ್ದು ಕೊನೆಗೆ ಹೋದ ಕೂಡಲೇ ಒಂದನೆಯದು ಸೊನ್ನೆಗೆ ಬಂದು ಕೂರುತ್ತದೆ. ನಿಮ್ಮ ಎಣಿಕೆ ಮಾತ್ರ ಒಂದಕ್ಕೆ ಹೋಗಿರುತ್ತದೆ. ಹಾಗಾಗಿ ನಡುವಿನದು ತಪ್ಪಿಹೋಗುತ್ತದೆ. ಎಕ್ಸ್‌ಎಂಎಲ್ ಎಲಿಮೆಂಟ್ಸ್ ಎನ್ನುವ ಸಂಗ್ರಹ ನೀವು ಕೇಳಿದ ಪ್ರತಿ ಸಲವೂ ಆ ಕ್ಷಣದ ಸ್ಥಿತಿಯನ್ನು ಕೊಡುತ್ತದೆ.

ಪರಿಹಾರ ಸುಲಭ. ಎವೆರಿ ಐಟಂ, ಆಮೇಲೆ ಗೆಟ್ ಎಲಿಮೆಂಟ್ಸ್ ಬಳಸಿ ಎಲ್ಲ ಎಲಿಮೆಂಟ್‌ಗಳನ್ನೂ ಮೊದಲೇ ಒಂದು ಅರೇಗೆ ತೆಗೆದುಕೊಳ್ಳಿ. ವಿಂಗಡಣೆಯನ್ನು ಆ ಅರೇಯಲ್ಲೇ ಮುಗಿಸಿ. ಎಲ್ಲ ಸರಿಯಾದ ಮೇಲೆ ಅದೇ ಕ್ರಮದಲ್ಲಿ ಒಂದೊಂದಾಗಿ ಅಟ್ ಎಂಡ್ ಎಂದು ಕಳಿಸಿ. ಪ್ರತಿ ಎಲಿಮೆಂಟ್ ಒಂದೇ ಒಂದು ಸಲ ಸರಿಯುತ್ತದೆ.

ಪಟ್ಟಿಯ ತುದಿಯಲ್ಲಿ ಅಡಿಟಿಪ್ಪಣಿಯಂಥ ಎಲಿಮೆಂಟ್ ಇದ್ದು ಅದು ಕೊನೆಯಲ್ಲೇ ಉಳಿಯಬೇಕೆಂದರೆ ಅಟ್ ಎಂಡ್ ಬೇಡ. ಶೀರ್ಷಿಕೆಯ ಎಲಿಮೆಂಟನ್ನು ಹಿಡಿದು ಮೊದಲನೆಯದನ್ನು ಅದರ ಆಫ್ಟರ್‌ಗೆ ಹಾಕಿ. ಎರಡನೆಯದನ್ನು ಮೊದಲನೆಯದರ ಆಫ್ಟರ್‌ಗೆ. ಹೀಗೇ ಮುಂದುವರಿಸಿ. ಮೂವ್ ಹಿಂದಿರುಗಿಸುವ ಎಲಿಮೆಂಟನ್ನೇ ಮುಂದಿನ ಸುತ್ತಿಗೆ ಆಧಾರ ಮಾಡಿಕೊಳ್ಳಿ.

ಎಲಿಮೆಂಟ್ ಸರಿದ ಮೇಲೆ ಎರಡು ಹೆಸರು ಅಂಟಿಕೊಳ್ತಿವೆ. ಇನ್ನೊಂದು ಕಡೆ ಖಾಲಿ ಸಾಲು ಉಳಿದಿದೆ

ಎಂಟರ್ ಒತ್ತಿದ ಗುರುತು ಎಲಿಮೆಂಟ್‌ನ ಒಳಗಿಲ್ಲ, ಹೊರಗಿದೆ. ಎಕ್ಸ್‌ಎಂಎಲ್ ಫೈಲ್‌ನಲ್ಲಿ ಒಂದು ಸದಸ್ಯ ಎಲಿಮೆಂಟ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಸಾಲು ಮುರಿದಿರುತ್ತದೆ. ಆ ಮುರಿತ ತಾಯಿ ಎಲಿಮೆಂಟ್‌ಗೆ ಸೇರಿದ್ದು. ಸದಸ್ಯ ಬೇರೆ ಕಡೆ ಹೋದಾಗ ಅದು ಜೊತೆಗೆ ಹೋಗುವುದಿಲ್ಲ. ಹಳೆ ಜಾಗದಲ್ಲಿ ಖಾಲಿ ಸಾಲು, ಹೊಸ ಜಾಗದಲ್ಲಿ ಅಂಟಿಕೊಂಡ ಹೆಸರು.

ಕಣ್ಣಾರೆ ನೋಡಬೇಕೆಂದರೆ ಶೋ ಟ್ಯಾಗ್ ಮಾರ್ಕರ್ಸ್ ಮತ್ತು ಶೋ ಹಿಡನ್ ಕ್ಯಾರೆಕ್ಟರ್ಸ್ ಎರಡನ್ನೂ ಆನ್ ಮಾಡಿ. ಬಣ್ಣದ ಆವರಣ ಎಲ್ಲಿ ಮುಗಿಯುತ್ತದೆ, ಪ್ಯಾರಾ ಗುರುತು ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಜಾಗ ಬದಲಿಸುವ ಮೊದಲೇ ಪ್ರತಿ ಎಲಿಮೆಂಟ್‌ನ ಒಳಗಡೆ ಕೊನೆಗೆ ಪ್ಯಾರಾ ಗುರುತು ಸೇರಿಸಿ. ಇನ್ಸರ್ಟ್ ಟೆಕ್ಸ್ಟ್ ಆ್ಯಸ್ ಕಂಟೆಂಟ್ ಮೆಥಡ್‌ಗೆ ಎಲಿಮೆಂಟ್ ಎಂಡ್ ಎಂಬ ಸ್ಥಾನ ಕೊಟ್ಟರೆ ಅದು ಒಳಗೇ ಸೇರುತ್ತದೆ. ನಡುವೆ ಉಳಿದ ಮುರಿತಗಳನ್ನು ತೆಗೆದುಹಾಕಿ. ಇಷ್ಟಾದ ಮೇಲೆ ಆ ಎಲಿಮೆಂಟ್ ಎಲ್ಲಿಗೆ ಹೋದರೂ ತನ್ನ ಪ್ಯಾರಾವನ್ನು ಜೊತೆಗೇ ಒಯ್ಯುತ್ತದೆ. ಹೊಸ ಟೆಂಪ್ಲೇಟ್ ಮಾಡುತ್ತಿದ್ದರೆ ಇದನ್ನು ಮೊದಲ ದಿನವೇ ಮಾಡಿ. ಡಾಕ್ಯುಮೆಂಟ್ ಬೆಳೆದ ಮೇಲೆ ಸರಿಪಡಿಸುವುದು ತುಂಬ ತಲೆನೋವು.

ಜಾಗ ಬದಲಾದ ಮೇಲೆ ಕೆಲವು ಕಡೆ ಒತ್ತಕ್ಷರ ಒಡೆದು ಕಾಣ್ತಿದೆ. ಫಾಂಟ್ ಕೆಟ್ಟಿದೆಯಾ?

ಫಾಂಟ್ ಕೆಟ್ಟಿಲ್ಲ, ಪ್ಯಾರಾಗ್ರಾಫ್ ಸ್ಟೈಲ್ ಬದಲಾಗಿದೆ. ಅಕ್ಷರಗಳನ್ನು ಸಾಲಿನಲ್ಲಿ ಜೋಡಿಸುವ ಇನ್‌ಡಿಸೈನ್‌ನ ವ್ಯವಸ್ಥೆಗೆ ಕಂಪೋಸರ್ ಎಂದು ಹೆಸರು. ಕನ್ನಡದ ಒತ್ತು, ಕಾಗುಣಿತ ಸರಿಯಾಗಿ ಕೂರಲು ವರ್ಲ್ಡ್ ರೆಡಿ ಕಂಪೋಸರ್ ಬೇಕು. 2012ರ ಸಿಎಸ್6ರಿಂದ ಭಾರತೀಯ ಲಿಪಿಗಳಿಗೆ ಈ ಅನುಕೂಲ ಇದೆ. ಯಾವ ಕಂಪೋಸರ್ ಎಂಬುದು ಪ್ಯಾರಾಗ್ರಾಫ್‌ನ ಗುಣ. ಸರಿದು ಬಂದ ಪಠ್ಯ ಬೇರೆ ಕಂಪೋಸರ್ ಇರುವ ಪ್ಯಾರಾಗೆ ಸೇರಿಕೊಂಡರೆ ಅಕ್ಷರ ಒಡೆಯುತ್ತದೆ.

ಎಲ್ಲ ಕನ್ನಡ ಸ್ಟೈಲ್‌ಗಳಲ್ಲೂ, ಅವುಗಳ ಆಧಾರ ಸ್ಟೈಲ್‌ನಲ್ಲೂ ಜಸ್ಟಿಫಿಕೇಶನ್ ಭಾಗಕ್ಕೆ ಹೋಗಿ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆ ಮಾಡಿ. ಸ್ಕ್ರಿಪ್ಟ್‌ನ ಕೊನೆಯಲ್ಲಿ ಮ್ಯಾಪ್ ಎಕ್ಸ್‌ಎಂಎಲ್ ಟ್ಯಾಗ್ಸ್ ಟು ಸ್ಟೈಲ್ಸ್ ಒಮ್ಮೆ ಓಡಿಸಿದರೆ ಟ್ಯಾಗ್‌ಗೆ ತಕ್ಕ ಸ್ಟೈಲ್ ಮತ್ತೆ ಕೂರುತ್ತದೆ. ಕೈಯಿಂದ ಹಚ್ಚಿದ ಬೇರೆ ಸ್ಟೈಲ್‌ಗಳು ಆಗ ಅಳಿದುಹೋಗುತ್ತವೆ, ಅದು ನೆನಪಿರಲಿ.

ಹೆಸರು ಹೋಯ್ತು, ಫೋಟೋ ಹಳೇ ಜಾಗದಲ್ಲೇ ಉಳೀತು

ಫೋಟೋ ಬೇರೆ ಫ್ರೇಮ್‌ನಲ್ಲಿ ಸ್ವತಂತ್ರವಾಗಿದೆ. ಅದನ್ನು ಪಠ್ಯದೊಳಗೆ ಆ್ಯಂಕರ್ ಮಾಡಿ. ಅದರ ಎಲಿಮೆಂಟ್ ಸದಸ್ಯ ಎಲಿಮೆಂಟ್‌ನ ಒಳಗೇ ಇರಲಿ. ಆಗ ಎರಡೂ ಒಟ್ಟಿಗೆ ಸರಿಯುತ್ತವೆ.

ಸ್ಕ್ರಿಪ್ಟ್ ತಪ್ಪಾಗಿ ಓಡಿತು. ಅಂಡೂ ಒತ್ತಿ ಒತ್ತಿ ಸುಸ್ತಾದೆ

ಪ್ರತಿ ಮೂವ್ ಬೇರೆ ಬೇರೆ ಹೆಜ್ಜೆಯಾಗಿ ದಾಖಲಾಗಿರುತ್ತದೆ. ನಿಮ್ಮ ಮುಖ್ಯ ಫಂಕ್ಷನ್ನನ್ನು ಆ್ಯಪ್‌ನ ಡೂ ಸ್ಕ್ರಿಪ್ಟ್ ಮೂಲಕ ಕರೆಯಿರಿ. ಅದಕ್ಕೆ ಅಂಡೂ ಮೋಡ್ಸ್‌ನ ಎಂಟೈರ್ ಸ್ಕ್ರಿಪ್ಟ್ ಎಂಬ ಆಯ್ಕೆ ಕೊಡಿ. ಇಡೀ ಕೆಲಸ ಒಂದೇ ಅಂಡೂಗೆ ಹಿಂದೆ ಬರುತ್ತದೆ. ಫಾಸ್ಟ್ ಎಂಟೈರ್ ಸ್ಕ್ರಿಪ್ಟ್ ಎಂಬ ಇನ್ನೊಂದು ಆಯ್ಕೆಯೂ ಇದೆ. ಸ್ಕ್ರಿಪ್ಟ್ ನಡುವೆ ನಿಂತರೆ ಅದರಲ್ಲಿ ಅಪಾಯ ಜಾಸ್ತಿ. ಏನೇ ಆದರೂ ಫೈಲಿನ ನಕಲಿನ ಮೇಲೆ ಮೊದಲು ಓಡಿಸಿ.

## ಕನ್ನಡದ ಅಕ್ಷರಕ್ರಮ

ಅಕಾರಾದಿ ಮಾಡಿದ್ರೆ ಬಳೇಪೇಟೆ ಮೊದಲು, ಬಸವನಗುಡಿ ಆಮೇಲೆ ಬರ್ತಿದೆ. ಸರೀನಾ ಇದು?

ಸರಿ ಅಲ್ಲ. ನಮ್ಮ ವರ್ಣಮಾಲೆಯಲ್ಲಿ ಯ, ರ, ಲ, ವ, ಶ, ಷ, ಸ, ಹ ಆದ ಮೇಲೆ ಳ ಬರುತ್ತದೆ. ಹಾಗಾಗಿ ಬನಶಂಕರಿ, ಬಸವನಗುಡಿ, ಬಳೇಪೇಟೆ ಎಂಬುದು ಸರಿಯಾದ ಕ್ರಮ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಮಾತ್ರ ಳ ಅಕ್ಷರದ ಸಂಖ್ಯೆ ಲ ಆದ ಮೇಲೆ, ವ ಬರುವ ಮೊದಲೇ ಇದೆ. ಜಾವಾಸ್ಕ್ರಿಪ್ಟ್‌ನ ಸಾರ್ಟ್ ಆ ಸಂಖ್ಯೆಯನ್ನೇ ನೋಡುತ್ತದೆ. ಅದಕ್ಕೆ ನಮ್ಮ ವರ್ಣಮಾಲೆ ಗೊತ್ತಿಲ್ಲ.

ಇದಕ್ಕೊಂದು ಚಿಕ್ಕ ಉಪಾಯ ಇದೆ. ಯೂನಿಕೋಡ್‌ನ ಕನ್ನಡ ಭಾಗದಲ್ಲಿ ಹ ಆದ ಮೇಲೆ ಎರಡು ಮನೆ ಖಾಲಿ ಇವೆ. ಅವನ್ನು ಯಾವ ಅಕ್ಷರಕ್ಕೂ ಕೊಟ್ಟಿಲ್ಲ. ವಿಂಗಡಿಸಲು ಪ್ರತಿ ಹೆಸರಿಗೂ ಒಂದು ಗುಪ್ತ ಕೀ, ಅಂದರೆ ಹೋಲಿಸಲು ಮಾತ್ರ ಬಳಸುವ ಹೆಸರಿನ ನಕಲು, ಮಾಡಿಕೊಳ್ಳಿ. ಆ ಕೀಯಲ್ಲಿ ಮಾತ್ರ ಳ ಇದ್ದಲ್ಲೆಲ್ಲ ಮೊದಲ ಖಾಲಿ ಮನೆಯ ಅಕ್ಷರ ಹಾಕಿ. ಹಳಗನ್ನಡ ಪಠ್ಯವಾದರೆ ೞ ಇದ್ದಲ್ಲಿ ಎರಡನೆಯ ಮನೆ. ಸ್ವರಚಿಹ್ನೆಗಳ ಸಂಖ್ಯೆಗಳು ಇನ್ನೂ ಮುಂದೆ ಇರುವುದರಿಂದ ಬೇರೇನೂ ಕದಡುವುದಿಲ್ಲ. ಪುಟದಲ್ಲಿರುವ ಹೆಸರನ್ನು ಮುಟ್ಟಬೇಡಿ. ಬದಲಾವಣೆ ಕೀಯಲ್ಲಿ ಮಾತ್ರ.

ಒತ್ತಕ್ಷರಗಳಲ್ಲಿ ಯೂನಿಕೋಡ್ ಕ್ರಮವೇ ನಮಗೆ ಬೇಕಾದ ಹಾಗಿದೆ. ಕ, ಕಾ, ಕಿ ಎಲ್ಲ ಮುಗಿದು ಕೌ ಆದ ಮೇಲೆ ಕ್ಯ, ಕ್ರ, ಕ್ಷ ಬರುತ್ತವೆ. ಅನುಸ್ವಾರದ ವಿಷಯ ಮಾತ್ರ ಮಾತಾಡಿ ತೀರ್ಮಾನಿಸಬೇಕು. ಯೂನಿಕೋಡ್ ಪ್ರಕಾರ ಅಂಕಿತ ಎನ್ನುವ ಹೆಸರು ಅಕ್ಷಯಕ್ಕಿಂತ ಮೊದಲು ಬರುತ್ತದೆ. ವರ್ಣಮಾಲೆಯಲ್ಲಿ ಅಂ ಇರುವುದು ಔ ಆದ ಮೇಲೆ, ಹಾಗೇ ಬರಲಿ ಎನ್ನುವವರೂ ಇದ್ದಾರೆ. ಕೆಲಸ ಶುರುವಾಗುವ ಮೊದಲೇ ಸಂಪಾದಕರನ್ನು ಕೇಳಿ, ಅವರು ಹೇಳಿದ ಕ್ರಮವನ್ನು ಸ್ಕ್ರಿಪ್ಟ್‌ನ ತಲೆಯಲ್ಲಿ ಕಾಮೆಂಟ್ ಆಗಿ ಬರೆದಿಡಿ. ಕನ್ನಡದ ಪಟ್ಟಿ ಕನ್ನಡದ ಕ್ರಮದಲ್ಲೇ ಇರಬೇಕು. ಸಾಫ್ಟ್‌ವೇರ್ ಹೀಗೇ ಕೊಡುತ್ತದೆ ಎಂದು ಬಿಟ್ಟುಬಿಡುವ ವಿಷಯ ಇದಲ್ಲ.

ನೋಡೋಕೆ ಸರಿಯಾಗೇ ಇದೆ, ಆದ್ರೂ ಕೆಲವು ಹೆಸರು ಪಟ್ಟಿಯ ಕೊನೆಗೆ ಹೋಗಿ ಕೂರುತ್ತೆ. ಯಾಕೆ?

ಕಣ್ಣಿಗೆ ಕಾಣದ ಅಕ್ಷರಗಳಿಂದ. ಮೂರು ಕಡೆ ಹುಡುಕಿ.

ಮೊದಲು ಇನ್‌ಡಿಸೈನ್‌ನ ಟ್ಯಾಗ್ ಗುರುತು. ಎಲಿಮೆಂಟ್‌ನ ಒಳಗೆ ಇನ್ನೊಂದು ಎಲಿಮೆಂಟ್ ಇದ್ದರೆ, ಕಂಟೆಂಟ್ಸ್ ಓದಿದಾಗ ಎಫ್‌ಇಎಫ್‌ಎಫ್ ಎಂಬ ಸಂಕೇತದ ಅದೃಶ್ಯ ಅಕ್ಷರವೂ ಜೊತೆಗೆ ಬರುತ್ತದೆ. ಅದರ ಸಂಖ್ಯೆ ಕನ್ನಡದ ಎಲ್ಲ ಅಕ್ಷರಗಳಿಗಿಂತ ದೊಡ್ಡದು. ಹೆಸರಿನ ಮೊದಲಲ್ಲೇ ಅದಿದ್ದರೆ ಆ ಹೆಸರು ನೇರ ಪಟ್ಟಿಯ ಬುಡಕ್ಕೆ.

ಎರಡನೆಯದು ಜೀರೋ ವಿಡ್ತ್ ಜಾಯ್ನರ್ ಮತ್ತು ನಾನ್ ಜಾಯ್ನರ್. ವೈಟ್‌ಫೀಲ್ಡ್ ಎಂದು ಬರೆಯುವಾಗ ಟ್ ಮತ್ತು ಫೀ ಕೂಡಿಕೊಳ್ಳದಂತೆ ನಡುವೆ ಹಾಕುತ್ತೇವಲ್ಲ, ಅದು. ಕೆಲವರು ಪದದ ಕೊನೆಯ ಅರ್ಧಾಕ್ಷರ ಆದ ಮೇಲೂ ಅದನ್ನು ಒತ್ತಿರುತ್ತಾರೆ.

ಮೂರನೆಯದು ಒಡೆದ ಕಾಗುಣಿತ. ಕೋ ಎಂಬುದನ್ನು ಒಂದೇ ಸ್ವರಚಿಹ್ನೆಯಿಂದ ಬರೆಯಬಹುದು, ಕೊ ಮತ್ತು ದೀರ್ಘದ ಗುರುತು ಸೇರಿಸಿಯೂ ಬರೆಯಬಹುದು. ಕೀ, ಕೇ, ಕೈ, ಕೊ ಇವುಗಳದ್ದೂ ಇದೇ ಕಥೆ. ಕೋರಮಂಗಲ ಎಂದು ಎರಡು ರೀತಿ ಟೈಪ್ ಆಗಿದ್ದರೆ ಕಂಪ್ಯೂಟರಿಗೆ ಅವು ಎರಡು ಪದ.

ಕೀ ಮಾಡುವಾಗ ಮೊದಲ ಎರಡು ಬಗೆಯ ಅಕ್ಷರಗಳನ್ನು ಅಳಿಸಿ, ಒಡೆದ ಸ್ವರಚಿಹ್ನೆಗಳನ್ನು ಕೂಡಿಸಿ. ಎಕ್ಸ್‌ಟೆಂಡ್‌ಸ್ಕ್ರಿಪ್ಟ್‌ನಲ್ಲಿ ನಾರ್ಮಲೈಸ್ ಎಂಬ ಸಿದ್ಧ ಮೆಥಡ್ ಇಲ್ಲ. ಐದು ಸ್ವರಚಿಹ್ನೆಗಳಿಗೆ ರಿಪ್ಲೇಸ್ ಬರೆದರೆ ಮುಗಿಯಿತು.

ಹೆಸರಿನ ಮುಂದೆ ಡಾ., ಶ್ರೀಮತಿ, ಇನಿಷಿಯಲ್ ಎಲ್ಲ ಇದೆ. ಎಲ್ಲ ಶ್ರೀ ಹತ್ರಾನೇ ಸೇರಿಕೊಳ್ತಿವೆ

ಸ್ಕ್ರಿಪ್ಟ್‌ನಲ್ಲಿ ಊಹೆ ಮಾಡಲು ಹೋಗಬೇಡಿ. ಡಾ., ಶ್ರೀ, ಶ್ರೀಮತಿ ತೆಗೆಯುವುದು ಸುಲಭ. ಆದರೆ ಇನಿಷಿಯಲ್ ಎಲ್ಲಿ ಮುಗಿಯುತ್ತದೆ, ಊರಿನ ಹೆಸರು ಯಾವುದು, ವ್ಯಕ್ತಿಯ ಹೆಸರು ಯಾವುದು ಎಂಬುದು ಮನುಷ್ಯರಿಗೇ ಕೆಲವೊಮ್ಮೆ ಗೊತ್ತಾಗುವುದಿಲ್ಲ. ಪ್ರತಿ ಸದಸ್ಯ ಎಲಿಮೆಂಟ್‌ಗೂ ಕ್ರಮಕ್ಕಾಗಿಯೇ ಒಂದು ಅಟ್ರಿಬ್ಯೂಟ್, ಅಂದರೆ ಪುಟದಲ್ಲಿ ಕಾಣದೆ ಟ್ಯಾಗ್‌ನಲ್ಲೇ ಬರೆದಿಡುವ ವಿವರ, ಇಡಿ. ಯಾವ ಅಕ್ಷರದ ಕೆಳಗೆ ತನ್ನ ಹೆಸರು ಬರಬೇಕು ಎಂಬುದನ್ನು ಫಾರಂ ತುಂಬುವಾಗಲೇ ಸದಸ್ಯರಿಂದ ಬರೆಸಿಕೊಳ್ಳಿ. ಅಟ್ರಿಬ್ಯೂಟ್‌ನಲ್ಲಿ ಟ್ಯಾಗ್ ಗುರುತಿನ ಕಾಟವೂ ಇರುವುದಿಲ್ಲ.

9 ಆದ್ಮೇಲೆ 10 ಬರಬೇಕು, ಆದ್ರೆ 1 ಆದ್ಮೇಲೆ 10 ಬರ್ತಿದೆ

ಅಂಕಿಯನ್ನು ಪಠ್ಯವಾಗಿ ಹೋಲಿಸುತ್ತಿದ್ದೀರಿ. ನಂಬರ್ ಆಗಿ ಬದಲಿಸಿ ಹೋಲಿಸಿ. ಕನ್ನಡ ಅಂಕಿಗಳಿದ್ದರೆ ಮೊದಲು ೦ಯಿಂದ ೯ರವರೆಗಿನವನ್ನು 0ಯಿಂದ 9ಕ್ಕೆ ಬದಲಿಸಬೇಕು. ೧೦ ಎಂಬುದನ್ನು ಜಾವಾಸ್ಕ್ರಿಪ್ಟ್ ಸಂಖ್ಯೆ ಎಂದು ಒಪ್ಪುವುದಿಲ್ಲ. ಪಿನ್‌ಕೋಡ್‌ಗೆ ಈ ತೊಂದರೆ ಇಲ್ಲ. 560003 ಮಲ್ಲೇಶ್ವರ, 560004 ಬಸವನಗುಡಿ, 560018 ಚಾಮರಾಜಪೇಟೆ, ಎಲ್ಲವೂ ಆರೇ ಅಂಕಿ.

ನುಡಿ, ಬರಹದಲ್ಲಿ ಟೈಪ್ ಮಾಡಿದ ಹಳೇ ಫೈಲ್ ಇದೆ. ಅದನ್ನ ವಿಂಗಡಿಸಬಹುದಾ?

ಹಳೆಯ ಆಸ್ಕಿ ಫಾಂಟ್‌ನಲ್ಲಿದ್ದರೆ ಆಗುವುದಿಲ್ಲ. ಅಲ್ಲಿ ಕಾಣುವುದು ಕನ್ನಡ, ಫೈಲಿನಲ್ಲಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಿಸಿದ ಮೇಲೆ ಎರಡನ್ನು ತಪ್ಪದೆ ನೋಡಿ. ಒಂದು ಅರ್ಕಾವತ್ತು. ಆಸ್ಕಿಯಲ್ಲಿ ಅದನ್ನು ಅಕ್ಷರ ಆದ ಮೇಲೆ ಟೈಪ್ ಮಾಡಿರುತ್ತಾರೆ, ಯೂನಿಕೋಡ್‌ನಲ್ಲಿ ರ್ ಆ ಅಕ್ಷರಕ್ಕಿಂತ ಮೊದಲು ಬರಬೇಕು. ಇನ್ನೊಂದು, ನಡುವೆ ಇದ್ದ ಇಂಗ್ಲಿಷ್ ಪದಗಳು. ಅವೂ ಕನ್ನಡ ಎಂದು ಭಾವಿಸಿ ಪರಿವರ್ತಕ ಅರ್ಥವಿಲ್ಲದ ಅಕ್ಷರ ಮಾಡಿರಬಹುದು.

## ಇನ್ನೂ ಆಳಕ್ಕೆ ಹೋಗುವವರಿಗೆ

ಇಂಪೋರ್ಟ್ ಮಾಡೋಕೆ ಮುಂಚೆ ಜೋಡಿಸೋದು ಒಳ್ಳೇದಾ, ಆಮೇಲೆ ಜೋಡಿಸೋದು ಒಳ್ಳೇದಾ?

ಮುಂಚೆ. ಸಾಧ್ಯವಿದ್ದಾಗಲೆಲ್ಲ ಮುಂಚೆ. ಹೊರಗಿನ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಪ್ಯಾರಾ ಗುರುತು, ಫ್ರೇಮ್, ಸ್ಟೈಲ್ ಯಾವುದರ ಚಿಂತೆಯೂ ಇಲ್ಲ. ಇಂಪೋರ್ಟ್ ಆಪ್ಷನ್‌ಗಳಲ್ಲಿ ಅಪ್ಲೈ ಎಕ್ಸ್‌ಎಸ್‌ಎಲ್‌ಟಿ ಎಂಬುದಿದೆ. ಎಕ್ಸ್‌ಎಸ್‌ಎಲ್‌ಟಿ ಎಂದರೆ ಎಕ್ಸ್‌ಎಂಎಲ್ಲನ್ನು ಬೇರೆ ರೂಪಕ್ಕೆ ತಿರುಗಿಸುವ ಭಾಷೆ. ಕ್ರಮ ಬದಲಿಸುವ ಎಕ್ಸ್‌ಎಸ್‌ಎಲ್‌ಟಿ ಫೈಲನ್ನು ಅಲ್ಲಿ ಕೊಟ್ಟರೆ ಒಳಗೆ ಬರುವಾಗಲೇ ಜೋಡಣೆಯಾಗಿರುತ್ತದೆ. ಬರೆಯುವಾಗ 1.0 ಆವೃತ್ತಿಯ ಸೌಲಭ್ಯಗಳಿಗೆ ಅಂಟಿಕೊಳ್ಳಿ. ಕನ್ನಡ ಹೆಸರುಗಳಿಗೆ ಅದರ ಸಾರ್ಟ್‌ನ ಭಾಷೆಯ ಆಯ್ಕೆಯನ್ನು ನೆಚ್ಚಬೇಡಿ. ಮೇಲೆ ಹೇಳಿದ ಕೀಯನ್ನು ಮೊದಲೇ ಅಟ್ರಿಬ್ಯೂಟ್ ಆಗಿ ಸೇರಿಸಿ, ಅದರ ಮೇಲೆ ವಿಂಗಡಿಸಿ.

ಡಾಕ್ಯುಮೆಂಟ್ ಒಳಗೆ ಜೋಡಿಸುವ ಸ್ಕ್ರಿಪ್ಟ್ ಬೇಕಾಗುವುದು ಪುಟದಲ್ಲೇ ತಿದ್ದುಪಡಿ ಆದಾಗ, ಮೂಲ ಡೇಟಾ ಕೈಗೆ ಸಿಗದಿದ್ದಾಗ. ಕ್ರಿಯೇಟ್ ಲಿಂಕ್ ಆಯ್ಕೆಯೊಂದಿಗೆ ತಂದ ಫೈಲ್ ಆಗಿದ್ದರೆ ಒಂದು ಎಚ್ಚರ: ಲಿಂಕ್ ಅಪ್‌ಡೇಟ್ ಮಾಡಿದಾಗ ಡೇಟಾ ಮತ್ತೆ ಮೂಲದಿಂದ ಬರುತ್ತದೆ. ಆಮೇಲೆ ಸ್ಕ್ರಿಪ್ಟನ್ನೂ ಮತ್ತೆ ಓಡಿಸಿ.

ಬೇಕಾದ ಎಲಿಮೆಂಟ್ ಮಾತ್ರ ಎಕ್ಸ್‌ಪಾತ್‌ನಿಂದ ಹಿಡೀಬೇಕು. ಅರ್ಧ ಎಕ್ಸ್‌ಪ್ರೆಷನ್ ಎರರ್ ಕೊಡುತ್ತೆ

ಎಕ್ಸ್‌ಪಾತ್ ಎಂದರೆ ಮರದಲ್ಲಿ ಎಲಿಮೆಂಟ್‌ಗೆ ಹೋಗುವ ದಾರಿಯನ್ನು ಬರೆಯುವ ಭಾಷೆ. ಇನ್‌ಡಿಸೈನ್‌ಗೆ ಅದರ 1.0 ಆವೃತ್ತಿಯ ಒಂದು ಭಾಗ ಮಾತ್ರ ಗೊತ್ತು. ಅದು ಮರವನ್ನು ಮೇಲಿನಿಂದ ಕೆಳಗೆ ಒಂದೇ ಸಲ ಓದಿಕೊಂಡು ಹೋಗುತ್ತದೆ, ಹಿಂದೆ ತಿರುಗಿ ನೋಡುವುದಿಲ್ಲ. ಆದ್ದರಿಂದ ತಾಯಿಯ ಕಡೆಗೆ, ಹಿಂದಿನ ಸೋದರನ ಕಡೆಗೆ ಹೋಗುವ ಅಭಿವ್ಯಕ್ತಿ ನಡೆಯುವುದಿಲ್ಲ. ಲಾಸ್ಟ್ ಫಂಕ್ಷನ್ ಇಲ್ಲ. ಪಠ್ಯವನ್ನು ಹೋಲಿಸುವ ಟೆಕ್ಸ್ಟ್ ಫಂಕ್ಷನ್ ಇಲ್ಲ. ಒಂದೇ ಕಂಸದೊಳಗೆ "ಅಥವಾ" ಹಾಕುವಂತಿಲ್ಲ. ಪಾತ್ ಬೇರಿನಿಂದಲೇ ಶುರುವಾಗಬೇಕು.

ನಡೆಯುವುದೂ ಸಾಕಷ್ಟಿದೆ: ಹೆಸರಿನಿಂದ ಹುಡುಕುವುದು, ಎಷ್ಟೇ ಆಳದಲ್ಲಿದ್ದರೂ ಹುಡುಕುವುದು, ಪಿನ್ ಅಟ್ರಿಬ್ಯೂಟ್ 560004 ಇರುವವರನ್ನು ಅಥವಾ ಇಲ್ಲದವರನ್ನು ಹಿಡಿಯುವುದು, ಮೂರನೆಯ ಮಗು ಯಾವುದು ಎಂದು ಕೇಳುವುದು, ಮುಂದಿನ ಸೋದರರನ್ನು ಕೇಳುವುದು. ಎಕ್ಸ್‌ಪಾತ್‌ನಿಂದ ಸ್ಥೂಲವಾಗಿ ಹಿಡಿದು, ಸೂಕ್ಷ್ಮ ಆಯ್ಕೆಯನ್ನು ಜಾವಾಸ್ಕ್ರಿಪ್ಟ್‌ನ ಇಫ್‌ನಲ್ಲಿ ಮಾಡುವುದು ನೆಮ್ಮದಿಯ ದಾರಿ.

ಎಕ್ಸ್‌ಎಂಎಲ್ ರೂಲ್ಸ್ ಅಂತಾರಲ್ಲ, ಅದು ಬೇಕಾ?

2007ರ ಸಿಎಸ್3ರಲ್ಲಿ ಬಂದ ಸೌಲಭ್ಯ ಅದು. ಪ್ರತಿ ರೂಲ್‌ಗೂ ಒಂದು ಹೆಸರು, ಒಂದು ಎಕ್ಸ್‌ಪಾತ್, ಅಪ್ಲೈ ಎಂಬ ಒಂದು ಫಂಕ್ಷನ್ ಇರುತ್ತದೆ. ಮರವನ್ನು ಓದುವಾಗ ಎಕ್ಸ್‌ಪಾತ್‌ಗೆ ಹೊಂದಿದ ಎಲಿಮೆಂಟ್ ಸಿಕ್ಕಿದ ಕೂಡಲೇ ಆ ಫಂಕ್ಷನ್ ಓಡುತ್ತದೆ. ಅದು ಟ್ರೂ ಎಂದು ಹೇಳಿದರೆ ಆ ಎಲಿಮೆಂಟ್‌ಗೆ ಬೇರೆ ರೂಲ್‌ಗಳು ಅನ್ವಯಿಸುವುದಿಲ್ಲ. ಫಾಲ್ಸ್ ಎಂದರೆ ಉಳಿದ ರೂಲ್‌ಗಳಿಗೂ ಅವಕಾಶ. ಇದಕ್ಕೆ ಗ್ಲೂ ಕೋಡ್ ಎಂಬ ಫೈಲನ್ನು ಸ್ಕ್ರಿಪ್ಟ್‌ನಲ್ಲಿ ಸೇರಿಸಿಕೊಳ್ಳಬೇಕು.

ಹತ್ತಾರು ಬಗೆಯ ಎಲಿಮೆಂಟ್‌ಗಳಿಗೆ ಹತ್ತಾರು ಕೆಲಸ ಇರುವ ದೊಡ್ಡ ಡಾಕ್ಯುಮೆಂಟ್‌ಗೆ ಇದು ಚೆನ್ನಾಗಿದೆ. ಬರೀ ಅಕಾರಾದಿಗೆ ಬೇಡ. ರೂಲ್ ಓಡುತ್ತಿರುವಾಗಲೇ ಮರ ಬದಲಾದರೆ ಓದುವವನಿಗೆ ದಾರಿ ತಪ್ಪುತ್ತದೆ. ಸಿಕ್ಕ ಎಲಿಮೆಂಟನ್ನೇ ಸರಿಸುವುದಾದರೆ ಮೊದಲು ಸ್ಕಿಪ್ ಚಿಲ್ಡ್ರನ್ ಕರೆಯಿರಿ. ಇನ್ನೂ ಒಳ್ಳೆಯದು, ರೂಲ್‌ನಲ್ಲಿ ಎಲಿಮೆಂಟ್‌ಗಳನ್ನು ಅರೇಗೆ ಕೂಡಿಹಾಕಿ, ಓದು ಮುಗಿದ ಮೇಲೆ ಸರಿಸಿ.

ಟೇಬಲ್‌ನಲ್ಲಿ ಸಾಲುಗಳನ್ನ ಮೇಲೆ ಕೆಳಗೆ ಮಾಡಬಹುದಾ?

ಡಾಕ್ಯುಮೆಂಟ್ ಒಳಗೆ ಸೆಲ್ ಎಲಿಮೆಂಟ್‌ಗಳನ್ನು ಸರಿಸಲು ಹೋಗಬೇಡಿ. ಇನ್‌ಡಿಸೈನ್‌ನ ಎಕ್ಸ್‌ಎಂಎಲ್ ಟೇಬಲ್‌ನಲ್ಲಿ ಸಾಲು ಎಂಬ ಎಲಿಮೆಂಟೇ ಇಲ್ಲ. ಕಾಲಂ ಎಷ್ಟು ಎಂದು ಅಟ್ರಿಬ್ಯೂಟ್‌ನಲ್ಲಿ ಹೇಳಿರುತ್ತದೆ, ಸೆಲ್‌ಗಳು ಒಂದರ ಹಿಂದೆ ಒಂದು ಬಂದು ಸಾಲು ತುಂಬುತ್ತವೆ. ಒಂದು ಸೆಲ್ ಹೆಚ್ಚು ಕಮ್ಮಿ ಆದರೆ ಅಲ್ಲಿಂದ ಮುಂದಿನದೆಲ್ಲ ತಪ್ಪು. ಮೂಲ ಡೇಟಾದಲ್ಲಿ ಸಾಲುಗಳನ್ನು ವಿಂಗಡಿಸಿ, ಟೇಬಲ್ಲನ್ನು ಹೊಸದಾಗಿ ತನ್ನಿ.

ತುಂಬಾ ನಿಧಾನ. ದೊಡ್ಡ ಫೈಲ್ ಇದ್ರೆ ಸಿಸ್ಟಂ ನಿಂತೇ ಹೋಗುತ್ತೆ

ಸ್ಟ್ರಕ್ಚರ್ ಪೇನ್ ಮುಚ್ಚಿ. ಪ್ರಿಫ್ಲೈಟ್ ಮತ್ತು ಡೈನಾಮಿಕ್ ಸ್ಪೆಲ್ಲಿಂಗ್ ಆಫ್ ಮಾಡಿ. ಸ್ಕ್ರಿಪ್ಟ್ ಪ್ರಿಫರೆನ್ಸಸ್‌ನ ಎನೇಬಲ್ ರೀಡ್ರಾವನ್ನು ಫಾಲ್ಸ್ ಮಾಡಿ, ಕೊನೆಗೆ ಟ್ರೂ ಮಾಡಿ. ಎಲ್ಲಕ್ಕಿಂತ ದೊಡ್ಡ ಉಳಿತಾಯ ಇರುವುದು ಬೇರೆ ಕಡೆ: ಹೋಲಿಕೆಯ ಫಂಕ್ಷನ್ ಒಳಗೆ ಪ್ರತಿ ಸಲ ಡಾಕ್ಯುಮೆಂಟ್‌ನಿಂದ ಹೆಸರು ಓದಬೇಡಿ. ಒಮ್ಮೆ ಓದಿ, ಕೀ ಮಾಡಿ, ಅರೇಯಲ್ಲಿ ಇಟ್ಟುಕೊಳ್ಳಿ. ಮೊದಲೇ ಸರಿಯಾದ ಜಾಗದಲ್ಲಿರುವ ಎಲಿಮೆಂಟನ್ನು ಸುಮ್ನೆ ಸರಿಸುವುದೂ ಬೇಡ.

ಯುಎಕ್ಸ್‌ಪಿಗೆ ಬದಲಾಗಬೇಕಾ? ಹಳೇ ಸ್ಕ್ರಿಪ್ಟ್ ಕೆಲಸ ಮಾಡಲ್ವಾ?

2023ರ ಆವೃತ್ತಿಯಿಂದ, ಅಂದರೆ 18.0ರಿಂದ, ಇನ್‌ಡಿಸೈನ್‌ನಲ್ಲಿ ಯುಎಕ್ಸ್‌ಪಿ ಎಂಬ ಅಡೋಬಿಯ ಹೊಸ ವ್ಯವಸ್ಥೆಯಲ್ಲೂ ಸ್ಕ್ರಿಪ್ಟ್ ಬರೆಯಬಹುದು. ಅದರ ಫೈಲ್‌ಗೆ ಐಡಿಜೆಎಸ್ ಎಂಬ ಬಾಲ. ಆಧುನಿಕ ಜಾವಾಸ್ಕ್ರಿಪ್ಟ್ ಸಿಗುತ್ತದೆ, ಹೊಸದಾಗಿ ಬರೆಯುವವರಿಗೆ ಅದು ದೊಡ್ಡ ಅನುಕೂಲ. ಹಳೆಯ ಸ್ಕ್ರಿಪ್ಟನ್ನು ಹಾಗೇ ತಂದರೆ ನಡೆಯುವುದಿಲ್ಲ. ಸಂಗ್ರಹದಿಂದ ಚೌಕ ಕಂಸದಲ್ಲಿ ಸಂಖ್ಯೆ ಕೊಟ್ಟು ತೆಗೆಯುವಂತಿಲ್ಲ, ಐಟಂ ಮೆಥಡ್ಡೇ ಬೇಕು. ಎರಡು ಎಲಿಮೆಂಟ್ ಒಂದೇನಾ ಎಂದು ನೋಡಲು ಈಕ್ವಲ್ಸ್ ಮೆಥಡ್ ಬಳಸಬೇಕು. ಇರುವ ಸ್ಕ್ರಿಪ್ಟ್ ಚೆನ್ನಾಗಿ ನಡೆಯುತ್ತಿದ್ದರೆ ಆತುರ ಬೇಡ.

ಪುಟದಲ್ಲಿ ಸರಿ ಇದೆ, ಇಪಬ್‌ನಲ್ಲಿ ಲೇಖನಗಳು ಹಿಂದೆ ಮುಂದೆ ಆಗಿವೆ

ಇಪಬ್, ಅಂದರೆ ಇ-ಪುಸ್ತಕದ ಫೈಲ್, ಎಕ್ಸ್‌ಪೋರ್ಟ್ ಮಾಡುವಾಗ ಆರ್ಡರ್ ಎಂಬ ಆಯ್ಕೆ ನೋಡಿ. ಪುಟದ ವಿನ್ಯಾಸದ ಪ್ರಕಾರ, ಎಕ್ಸ್‌ಎಂಎಲ್ ಸ್ಟ್ರಕ್ಚರ್ ಪ್ರಕಾರ, ಆರ್ಟಿಕಲ್ಸ್ ಪ್ಯಾನೆಲ್ ಪ್ರಕಾರ ಎಂದು ಮೂರಿವೆ. ಎಕ್ಸ್‌ಎಂಎಲ್ ಸ್ಟ್ರಕ್ಚರ್ ಆರಿಸಿದರೆ ಮರದಲ್ಲಿರುವ ಕ್ರಮವೇ ಓದುವ ಕ್ರಮ. ಫ್ರೇಮ್‌ಗಳು ಕದಲದಿದ್ದರೂ ಮರ ಸರಿಪಡಿಸುವುದು ವ್ಯರ್ಥ ಅಲ್ಲ ಎನ್ನುವುದಕ್ಕೆ ಇದೇ ಕಾರಣ. ಎಕ್ಸ್‌ಎಂಎಲ್ ಆಗಿ ಹೊರಗೆ ಕಳಿಸುವಾಗಲೂ ಹೋಗುವುದು ಮರದ ಕ್ರಮವೇ.

ಒಂದು ಹೆಸರೂ ಬಿಟ್ಟುಹೋಗಿಲ್ಲ ಅಂತ ಗ್ಯಾರಂಟಿ ಹೇಗೆ?

ಸ್ಕ್ರಿಪ್ಟ್ ಓಡಿಸುವ ಮೊದಲು ಒಂದು ಸಲ, ಓಡಿಸಿದ ಮೇಲೆ ಒಂದು ಸಲ ಎಕ್ಸ್‌ಎಂಎಲ್ ಎಕ್ಸ್‌ಪೋರ್ಟ್ ಮಾಡಿ. ಎರಡರಲ್ಲೂ ಸದಸ್ಯ ಎಲಿಮೆಂಟ್‌ಗಳ ಸಂಖ್ಯೆ ಒಂದೇ ಇರಬೇಕು. ಅದಷ್ಟೇ ಸಾಲದು. ಒಂದು ಹೋಗಿ ಇನ್ನೊಂದು ಎರಡು ಸಲ ಬಂದಿದ್ದರೂ ಸಂಖ್ಯೆ ಸರಿಹೋಗುತ್ತದೆ. ಪ್ರತಿಯೊಬ್ಬರಿಗೂ ಸದಸ್ಯತ್ವ ಸಂಖ್ಯೆಯ ಅಟ್ರಿಬ್ಯೂಟ್ ಇಟ್ಟಿದ್ದರೆ, ಎರಡೂ ಫೈಲಿನ ಆ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ಪಕ್ಕಪಕ್ಕ ಹೋಲಿಸಿ.

ಯಾವ ಎಲಿಮೆಂಟ್ ಯಾವುದರ ಒಳಗಿರಬೇಕು ಎಂಬ ನಿಯಮಗಳ ಫೈಲ್, ಅಂದರೆ ಡಿಟಿಡಿ, ಇದ್ದರೆ ವ್ಯಾಲಿಡೇಟ್ ಒತ್ತಿ, ಯಾವ ಎಲಿಮೆಂಟ್ ತಪ್ಪಾದ ತಾಯಿಯ ಒಳಗಿದೆ ಎಂದು ಹೇಳುತ್ತದೆ. ಕೊನೆಗೆ ಪ್ರೂಫ್ ತೆಗೆದು ಳ, ಅನುಸ್ವಾರ, ಒತ್ತಕ್ಷರ ಇರುವ ಹೆಸರುಗಳನ್ನು ಕನ್ನಡ ಚೆನ್ನಾಗಿ ಬಲ್ಲ ಇನ್ನೊಬ್ಬರಿಂದ ಓದಿಸಿ. ಪಟ್ಟಿ ಕೈಗೆ ಸಿಕ್ಕಾಗ ಎಲ್ಲರೂ ಮೊದಲು ಹುಡುಕುವುದು ತಮ್ಮ ಹೆಸರನ್ನೇ. ಅದು ಇರಬೇಕಾದ ಜಾಗದಲ್ಲಿ ಸಿಗಬೇಕು.